ಮಂಜಿನ ಹಾಜರಿ

ಸಂಸೆಯ ವಿಶಾಲಾಕ್ಷಮ್ಮ ಮಾಟಗಾತಿ ಎಂದು ನಾನು ಹೆಚ್ಚುಕಡಿಮೆ ಒಂದು ವರ್ಷ ಮನಸಾರೆ ನಂಬಿಕೊಂಡಿದ್ದೆ. ಕಣ್ಣಾರೆ ಕಂಡ ಸಾಕ್ಷಿ ಇತ್ತು. ಒಂದು ಅಕ್ಟೋಬರ್ ಸಂಜೆ ಅವರ ತೋಟದ ಕೆಳಗಿನ ಮಣ್ಣುದಾರಿಯಲ್ಲಿ ನನ್ನ ಬೈಕು ಕೆಟ್ಟು ನಿಂತಿತು. ಕಾಫಿ ಗಿಡಗಳ ಸಂದಿಯಿಂದ ನೋಡುತ್ತೇನೆ: ಕಾಫಿ ಒಣಗಿಸುವ ಒಂದು ಹಳೆಯ ಕಣ, ಅದರ ಮೇಲೆ ಬಣ್ಣಬಣ್ಣದ ಐದಾರು ಟೆಂಟು, ಟೆಂಟುಗಳ ಮುಂದೆ ಉಸಿರು ಬಿಗಿಹಿಡಿದು ಕೂತ ಹೆಂಗಸರು, ಮಕ್ಕಳು. ಅರವತ್ತು ದಾಟಿದ ಒಬ್ಬಾಕೆ ಮೊರದಿಂದ ಬೂದುಬಣ್ಣದ ಪುಡಿ ಚೆಲ್ಲುತ್ತ ಕಣವನ್ನು ಬರಿಗಾಲಲ್ಲಿ ಸುತ್ತುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಸುತ್ತು ಮುಗಿದದ್ದೇ ತಲೆಯೆತ್ತಿ ಮಂಜಿನ ಕಡೆಗೆ ‘ಕೂ...’ ಎಂದರು. ಮಂಜಿನೊಳಗಿಂದ ‘ಕೂ...’ ಎಂದು ಉತ್ತರ ಬಂತು. ಆಮೇಲೆ ಬೈಕನ್ನು ಕಳಸದವರೆಗೆ ತಳ್ಳಿಕೊಂಡು ಹೋದೆನೋ, ಹೊತ್ತುಕೊಂಡು ಹೋದೆನೋ ನೆನಪಿಲ್ಲ.

ಈ ಕಥೆಯನ್ನು ನಾನು ಕಳಸದ ಹೋಟೆಲುಗಳಲ್ಲಿ ಹೇಳಿ ಬಹಳ ಕಾಫಿ ಕುಡಿದಿದ್ದೇನೆ. ಮೂರನೆಯ ಸಲದ ಹೊತ್ತಿಗೆ ಅದರಲ್ಲಿ ಒಂದು ತಲೆಬುರುಡೆಯೂ ಸೇರಿಕೊಂಡಿತ್ತು. ನಿಜ ಗೊತ್ತಾದದ್ದು ತಡವಾಗಿ. ಆ ಪುಡಿ ಇಂಬಳ ಬಾರದಿರಲಿ ಎಂದು ಸುರಿಯುವ ಹೊಗೆಸೊಪ್ಪಿನ ಪುಡಿ, ಸುಣ್ಣ, ಉಪ್ಪು. ಮಳೆ ಹಿಂದಾದ ಮೇಲೂ ಎರಡು ತಿಂಗಳು ನಮ್ಮ ಕಡೆ ರಕ್ತ ಕುಡಿಯುವ ಇಂಬಳದ ಕಾಟ ತಪ್ಪುವುದಿಲ್ಲ. ತುಟಿ ಅಲ್ಲಾಡುತ್ತಿದ್ದದ್ದು ಮಂತ್ರಕ್ಕಲ್ಲ, ಮಕ್ಕಳ ತಲೆ ಎಣಿಸುವುದಕ್ಕೆ. ಆದರೆ ಆ ‘ಕೂ’ ವಿಷಯದಲ್ಲಿ ನಾನು ಪೂರ್ತಿ ತಪ್ಪಿದ್ದೆ ಎಂದು ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಇರಲಿ, ನನ್ನನ್ನು ಇಲ್ಲಿಗೆ ಬಿಡೋಣ.

ವಿಶಾಲಾಕ್ಷಮ್ಮ ಇಪ್ಪತ್ತಾರು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಎಸ್ಟೇಟಿನ ರೈಟರ್ ಎಂದರೆ ಕಥೆ ಕವನ ಬರೆಯುವವರಲ್ಲ. ಆಳುಗಳ ಹಾಜರಿ ಬರೆಯುವವರು. ಊರಿಗೆ ಹೆಚ್ಚು ಉಪಯೋಗವಾಗಿರುವುದು ಈ ಜಾತಿಯ ರೈಟರುಗಳಿಂದಲೇ. ವಿಶಾಲಾಕ್ಷಮ್ಮನ ಗಂಡ ಮರದ ಲಾರಿಯ ಜೊತೆ ಮಂಗಳೂರಿಗೆ ಹೋದ. ನಾಲ್ಕು ದಿನ ಬಿಟ್ಟು ಲಾರಿ ವಾಪಸು ಬಂತು. ಆಗ ಮಗಳು ಮೇಘಶ್ರೀಗೆ ಮೂರು ವರ್ಷ, ಇವರಿಗೆ ಇಪ್ಪತ್ತಾರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎಸ್ಟೇಟಿಗೆ ಕಾಫಿ ಹಣ್ಣು ಕುಯ್ಯುವುದಕ್ಕೆ ಸೇರಿದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂದು ಗೊತ್ತಾಗಿ ಮ್ಯಾನೇಜರು ಹಾಜರಿ ಪುಸ್ತಕ ಕೈಗೆ ಕೊಟ್ಟರು.

ಕಾಫಿ ತೋಟದಲ್ಲಿ ಹಾಜರಿ ಹಾಕುವುದು ಶಾಲೆಯಲ್ಲಿ ಹಾಕಿದ ಹಾಗಲ್ಲ. ಎಂಬತ್ತಮೂರು ಹೆಂಗಸರು ಆಳೆತ್ತರದ ಗಿಡಗಳೊಳಗೆ ಹಂಚಿಹೋಗಿರುತ್ತಾರೆ. ಮೇಲಿಂದ ಮಂಜು ಇಳಿಯಿತೆಂದರೆ ತನ್ನ ಕೈ ತನಗೆ ಕಾಣದು. ಆಗ ರೈಟರು ಸಾಲಿನ ತುದಿಯಲ್ಲಿ ನಿಂತು ಕೂ ಹಾಕಬೇಕು. ಒಳಗಿದ್ದವರು ಒಬ್ಬೊಬ್ಬರಾಗಿ ಕೂ ಅನ್ನಬೇಕು. ಒಬ್ಬಳದು ಗಿಳಿ ಕೂಗಿದಂತೆ, ಒಬ್ಬಳದು ಬಾವಿಯ ರಾಟೆಯಂತೆ, ಒಬ್ಬಳದು ಬೈದಂತೆ. ವಿಶಾಲಾಕ್ಷಮ್ಮನಿಗೆ ಮುಖ ನೋಡಿದರೆ ಹೆಸರು ತಪ್ಪುವುದಿತ್ತು, ಕೂ ಕೇಳಿದರೆ ತಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಎಂಬತ್ತಮೂರು ಗೀಟು ಎಳೆಯುತ್ತಿದ್ದರು.

ಮಂಜಿಗೆ ಒಂದು ಕಟ್ಟಳೆಯೂ ಇತ್ತು. ಮಂಜಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ಕೂ ಎಂದವರಿಗೆ ಮಾತ್ರ ಕೂ.

“ಯಾಕೆ?” ಎಂದು ಹೊಸದರಲ್ಲಿ ವಿಶಾಲಾಕ್ಷಮ್ಮ ಕೇಳಿದ್ದರು.

“ಮಂಜಲ್ಲಿ ಹೆಸ್ರು ಕರೆಯೋದು ಮನುಷ್ಯರಲ್ಲ ಮಾರಾಯ್ತಿ,” ಎಂದಿದ್ದಳು ಆಳುಗಳ ಲೈನ್‌ಮನೆ ಸಾಲಿನಲ್ಲಿ ಪಕ್ಕದ ಮನೆಯ ವಸಂತಮ್ಮ, ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸುತ್ತ. “ಮನುಷ್ಯರಿಗೆ ಬೇರೆ ಕೆಲ್ಸ ಇರ್ತದೆ.”

ಓದಿದ ವಿಶಾಲಾಕ್ಷಮ್ಮ ನಕ್ಕರು. ಆ ನಗು ನಿಂತದ್ದು ಮುಂದಿನ ಜನವರಿಯಲ್ಲಿ. ಮರ ಕಡಿಸಲು ಬಂದಿದ್ದ ಒಬ್ಬ ಕಂಟ್ರಾಕ್ಟರು, ಗಂಡನಿಲ್ಲದ ರೈಟರಮ್ಮನ ಕ್ಷೇಮಸಮಾಚಾರವನ್ನು ದಿನಕ್ಕೆ ನಾಲ್ಕು ಸಲ ವಿಚಾರಿಸುತ್ತಿದ್ದ. ಒಂದು ಬೆಳಿಗ್ಗೆ ಮಂಜಿನಲ್ಲಿ ಸಾಲು ತಪ್ಪಿ ಒಬ್ಬರೇ ಆದಾಗ ಹಿಂದಿನಿಂದ “ವಿಶಾಲಾ...” ಎಂದು ಮೆಲ್ಲಗೆ ಕೇಳಿಸಿತು. ಬಾಯಿಗೆ ಬಂದ “ಯಾರು?” ಅನ್ನು ನುಂಗಿಕೊಂಡು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. “ವಿಶಾಲಾ...” ಎಂದು ಮತ್ತೆ ಬಂತು. ಈ ಸಲ ಹತ್ತಿರ. ಬೂಟಿನಡಿ ತರಗೆಲೆ ಮುರಿಯುತ್ತಿತ್ತು. ಮೂರನೆಯ ಸಲ ಕರೆಯುವ ಮೊದಲು ಎಲ್ಲಿಂದಲೋ ವಸಂತಮ್ಮನ ಕೂ ಎದ್ದಿತು. ಅವಳ ಕೂ ಕೊನೆಯಲ್ಲಿ ಬಿರುಕು ಬಿಟ್ಟು ಎರಡಾಗುತ್ತಿತ್ತು. ಹಾಗೆ ಕೂಗುವವಳು ಎಂಬತ್ತಮೂರರಲ್ಲಿ ಅವಳೊಬ್ಬಳೇ. ಅದರ ಬೆನ್ನಿಗೆ ಎಡದಿಂದ ಒಂದು ಕೂ, ಮೇಲಿಂದ ಒಂದು, ಕಂಟ್ರಾಕ್ಟರನ ಬೆನ್ನ ಹಿಂದೆಯೇ ಒಂದು. ನಲವತ್ತು ಬಾಯಿ, ಒಂದೂ ಕಾಣದು. ಅಷ್ಟು ಕೂಗಿನ ನಡುವೆ ವಿಶಾಲಾಕ್ಷಮ್ಮನೂ ಒಂದು ಕೂ ಹಾಕಿದರು. ಆ ಗಂಡಸಿಗೆ ಅದು ಯಾವುದೆಂದು ತಿಳಿಯಲಿಲ್ಲ, ವಸಂತಮ್ಮನಿಗೆ ತಿಳಿಯಿತು. ಹೊಲಿಗೆ ಹಾಕಿದಂತೆ ನೇರವಾಗಿ ಬಂದು ಪಕ್ಕದಲ್ಲಿ ಕೂತಳು. ಕಂಟ್ರಾಕ್ಟರು ಗಾಣದ ಎತ್ತಿನಂತೆ ತಿರುಗಿ ತಿರುಗಿ ಕೊನೆಗೆ ಎಲ್ಲೋ ಹೊರಬಿದ್ದ. ಮಾರನೆಯ ದಿನ ಅವನಿಗೆ ಸಕಲೇಶಪುರದ ಕಡೆ ತುರ್ತು ಕೆಲಸ ಬಂದಿತ್ತು.

ಹೆಸರು ಗೊತ್ತಿರುವವನೇ ಅಪಾಯ ಎಂದು ಅವತ್ತು ವಿಶಾಲಾಕ್ಷಮ್ಮನಿಗೆ ಅರ್ಥವಾಯಿತು. ಗುರುತಿಲ್ಲದವನು ಬಂದರೆ “ಏಯ್” ಅನ್ನುತ್ತಾನೆ. ಮನೆಯೊಳಗೆ ಕಾಲಿಟ್ಟು ಹೋದವನೇ ಇಂಪಾಗಿ ಹೆಸರು ಕರೆಯುವುದು.

ಅದಾಗಿ ಎಂಟು ವರ್ಷಕ್ಕೆ, ನೆರಳು ಮರಗಳ ಕೊಂಬೆ ತೆಗೆಯುವ ಮರಗಸಿಯ ಕಾಲದಲ್ಲಿ, ಒಂದು ಕೊಂಬೆ ಬಿದ್ದು ವಸಂತಮ್ಮ ತೀರಿಕೊಂಡಳು. ತೀರಿಕೊಂಡ ಹನ್ನೊಂದನೆಯ ದಿನ ಮಂಜು ಬಿದ್ದಿತ್ತು. ವಿಶಾಲಾಕ್ಷಮ್ಮ ಎಂದಿನಂತೆ ಕಣ್ಣು ಮುಚ್ಚಿ ಹಾಜರಿ ಹಾಕಿದರು. ಸಂಜೆ ಪುಸ್ತಕ ನೋಡಿದ ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನಮ್ಮಾ ಇದು, ಸತ್ತವಳಿಗೆ ಹಾಜರಿ ಹಾಕಿದ್ದೀರಿ?”

“ಕೂ ಅಂದ್ಲು ಸಾರ್, ಹಾಕ್ದೆ.”

ಮ್ಯಾನೇಜರು ಕೆಂಪು ಶಾಯಿಯಲ್ಲಿ ಆ ಗೀಟನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಇಪ್ಪತ್ತಾರು ವರ್ಷದ ಪುಸ್ತಕಗಳಲ್ಲಿ ವಿಶಾಲಾಕ್ಷಮ್ಮನ ತಪ್ಪು ಎಂದು ದಾಖಲಾಗಿರುವುದು ಅದೊಂದೇ. ಅದು ತಪ್ಪಲ್ಲ ಎಂದು ಅವರ ವಾದ.

ಆಮೇಲೆ ಎಸ್ಟೇಟು ಅಣ್ಣತಮ್ಮಂದಿರಲ್ಲಿ ಮೂರು ಪಾಲಾಯಿತು. ಲೈನ್‌ಮನೆಗಳ ಮಾಡು ಕುಸಿದು ಗೋಡೆ ಮಾತ್ರ ಉಳಿಯಿತು. ಅದರ ಕೆಳಗಿನ ಹಳೆಯ ಕಣ, ಒಂದು ಸ್ಟೋರು, ಎರಡೆಕರೆ ಗಿಡ ಯಾರಿಗೂ ಬೇಡವಾಗಿ ವಿಶಾಲಾಕ್ಷಮ್ಮನಿಗೆ ಬಂತು. ಮೇಘಶ್ರೀ ನರ್ಸ್ ಆಗಿ ಚಿಕ್ಕಮಗಳೂರು ಸೇರಿದಳು. ಇವರು ಸ್ಟೋರಿನಲ್ಲೇ ಒಂದು ಒಲೆ ಹಾಕಿಕೊಂಡು ಉಳಿದರು.

ಟೆಂಟು ಬಂದದ್ದು ಆರು ವರ್ಷದ ಹಿಂದೆ. ಒಂದು ಸಂಜೆ ಗೇಟಿನ ಹತ್ತಿರ ಕಾರು ನಿಂತಿತು. ಇಳಿದವಳು ರೂಪಶ್ರೀ, ಹಾಸನದ ಕಡೆ ಬ್ಯಾಂಕಿನಲ್ಲಿ ಕೆಲಸ, ಜೊತೆಗೆ ಎರಡು ಮಕ್ಕಳು. ಮೂರು ಹೋಮ್‌ಸ್ಟೇ ಸುತ್ತಿ ಬಂದಿದ್ದಳು. ಮೂರೂ ಕಡೆ ಮೊದಲು ಕೇಳಿದ್ದು “ಯಜಮಾನ್ರು ಹಿಂದಿಂದ ಬರ್ತಾ ಇದ್ದಾರಾ?” ಬರುವುದಿಲ್ಲ ಎಂದ ಮೇಲೆ ಎರಡು ಕಡೆ ಕೋಣೆ ಭರ್ತಿಯಾಯಿತು. ಮೂರನೆಯವರು “ಫ್ಯಾಮಿಲಿಗೆ ಮಾತ್ರ” ಎಂದರು.

“ನಾವು ಮೂರು ಜನ ಫ್ಯಾಮಿಲಿ ಅಲ್ದೆ ಇನ್ನೇನು ಆಂಟಿ, ಕ್ರಿಕೆಟ್ ಟೀಮಾ?” ರೂಪಶ್ರೀ ಕಾರಿನ ಕಡೆ ಕೈ ತೋರಿಸಿದಳು. “ಕಾರಲ್ಲಿ ಟೆಂಟ್ ಇದೆ. ನಿಮ್ಮ ಜಾಗದಲ್ಲಿ ಒಂದು ರಾತ್ರಿ...”

“ಹಾಕ್ಕೋ. ಸಿಮೆಂಟು ಕಣ, ಗೂಟ ಇಳಿಯೋದಿಲ್ಲ. ಮೂಲೆಗೆ ಕಲ್ಲು ಕಟ್ಟು. ಅಕ್ಕಿರೊಟ್ಟಿ ತಿಂತಾವಾ ಮಕ್ಳು?”

ಹಾಗೆ ಶುರುವಾದದ್ದು. ರೂಪಶ್ರೀ ಇನ್ನೊಬ್ಬಳಿಗೆ ಹೇಳಿದಳು, ಅವಳು ಮತ್ತೊಬ್ಬಳಿಗೆ. ಗಂಡ ತೀರಿಹೋದವರು, ಬಿಟ್ಟುಹೋದವರು, ತಾವೇ ಬಿಟ್ಟುಬಂದವರು ದಸರಾ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಬರತೊಡಗಿದರು. ಹಂಡೆಯಲ್ಲಿ ಬಿಸಿನೀರು, ಹುರುಳಿ ಸಾರು, ಬೆಲ್ಲದ ಕಾಫಿ. ವಿಶಾಲಾಕ್ಷಮ್ಮನ ಷರತ್ತು ಮೂರು: ಗಂಡಸರು ಗೇಟು ದಾಟುವ ಹಾಗಿಲ್ಲ, ಮನೆಗೆ ಮುಟ್ಟುವ ತನಕ ಫೋಟೋ ಯಾರಿಗೂ ಕಳಿಸುವ ಹಾಗಿಲ್ಲ, ಮೊದಲ ದಿನವೇ ತಾಯಿ ಮಕ್ಕಳೆಲ್ಲ ಕೂ ಕಲಿಯಬೇಕು. ಮಕ್ಕಳಿಗೆ ಇದು ಕಣ್ಣಾಮುಚ್ಚಾಲೆಗಿಂತ ಹಿತವಾದ ಆಟ. ತಾಯಂದಿರಿಗೆ ಮೊದಲು ನಾಚಿಕೆ. ಹತ್ತು ವರ್ಷ ಮೆಲ್ಲಗೆ ಮಾತಾಡಿ ಅಭ್ಯಾಸವಾದವರ ಗಂಟಲಿನಿಂದ ಕೂ ಹೊರಡಬೇಕಾದರೆ ಅರ್ಧ ದಿನ ಬೇಕು. ಹೊರಟ ಮೇಲೆ ನಿಲ್ಲಿಸುವುದಕ್ಕೆ ಇನ್ನರ್ಧ ದಿನ.

ಇದೆಲ್ಲವೂ ಏಕಾಂತಪ್ಪನವರ ನಿದ್ದೆಗೆಡಿಸಿತ್ತು. ಪಕ್ಕದ ಮೂವತ್ತೆಕರೆ ಅರೇಬಿಕಾ ಕಾಫಿಯ ಸಾಹುಕಾರರಾದ ಅವರು ‘ಮಹಿಳಾ ಪ್ರವಾಸಿಗರ ಸುರಕ್ಷಾ ಸಮಿತಿ’ ಎಂದು ಒಂದನ್ನು ಸ್ಥಾಪಿಸಿ, ಅದರ ಅಧ್ಯಕ್ಷರೂ ಕಾರ್ಯದರ್ಶಿಯೂ ತಾವೇ ಆಗಿದ್ದರು. ಸಮಿತಿಯಲ್ಲಿ ಮಹಿಳೆಯರು ಇರಲಿಲ್ಲ. ಸುರಕ್ಷಿತವಾಗಿರಬೇಕಾದವರಿಗೆ ಸಮಿತಿಯ ಕಷ್ಟ ಯಾಕೆ ಎಂಬುದು ಅವರ ಕಾಳಜಿ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳ ಒಂದು ಜಾಕೆಟ್ಟು, ಒಂದು ಸೀಟಿ, ಜೀಪಿನ ಮುಂದೆ ಒಂದು ಬೋರ್ಡು. ಬೋರ್ಡಿನಲ್ಲಿ ‘ಸುರಕ್ಷಾ’ಕ್ಕಿಂತ ‘ಏಕಾಂತಪ್ಪ’ ದೊಡ್ಡ ಅಕ್ಷರದಲ್ಲಿತ್ತು.

ಕಳೆದ ದಸರಾಕ್ಕೆ ಬಂದವರು ಆರು ತಾಯಂದಿರು, ಒಂಬತ್ತು ಮಕ್ಕಳು. ಅವರಲ್ಲಿ ಹೊಸಬಳು ಸೌಂದರ್ಯ, ಜೊತೆಗೆ ಎಂಟು ವರ್ಷದ ಮಗಳು ಪಂಚಮಿ. ಮೊದಲ ಸಂಜೆ ಎಲ್ಲರೂ ಬೆಂಕಿಯ ಸುತ್ತ ಕೂತಿದ್ದಾಗ ಸೌಂದರ್ಯ ಮಾತ್ರ ಗೇಟಿನ ಕಡೆಗೆ ಮುಖ ಮಾಡಿ ಕೂತಿದ್ದಳು. ರೊಟ್ಟಿ ತಟ್ಟುತ್ತಿದ್ದ ವಿಶಾಲಾಕ್ಷಮ್ಮ ಅದನ್ನು ಗಮನಿಸಿದರು.

“ಯಾರು ಬರ್ತಾರೆ ಅಂತ ಕಾಯ್ತೀಯೇ?”

ಸೌಂದರ್ಯ ತಗ್ಗಿದ ದನಿಯಲ್ಲಿ ಹೇಳಿದಳು. ಗಂಡ ಚಂದ್ರಶೇಖರ. ಜೂನಿನಲ್ಲಿ ಶಾಲೆಯ ಬಾಗಿಲಿಂದ ಮಗುವನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಒಂದು ಕೋಣೆಯಲ್ಲಿ ಕೂಡಿಹಾಕಿದ್ದ. ಪೊಲೀಸರು ಬಿಡಿಸಿದ್ದರು. ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಿದೆ. “ಇನ್ನೊಂದ್ಸಲ ಸಿಕ್ಕಿದ್ರೆ ಭೂಮಿ ಅಗೆದ್ರೂ ಮಗು ನಿಂಗೆ ಸಿಗಲ್ಲ ಅಂದಿದ್ದಾನೆ, ಆಂಟಿ. ಅವನು ಬೈದು ಕರ್ಕೊಂಡು ಹೋಗ್ಲಿಲ್ಲ. ‘ಪಂಚಮಿ ಪುಟ್ಟಾ’ ಅಂದ. ಇವಳು ‘ಅಪ್ಪಾ’ ಅಂತ ಓಡಿದ್ಲು, ಅಷ್ಟೇ.” ಜೂನಿನಿಂದ ಸೌಂದರ್ಯ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ.

ವಿಶಾಲಾಕ್ಷಮ್ಮ ಪಂಚಮಿಯನ್ನು ಹತ್ತಿರ ಕೂರಿಸಿಕೊಂಡು ಮಂಜಿನ ಕಟ್ಟಳೆ ಹೇಳಿಕೊಟ್ಟರು. ಹೆಸರು ಕರೆದರೆ ಓಗೊಡಬಾರದು.

“ಅಮ್ಮ ಕರೆದ್ರೂ?”

“ನಿನ್ನಮ್ಮನೂ ಮಂಜಲ್ಲಿ ಕೂ ಅನ್ನೋದೇ.”

“ಅಪ್ಪ ಕರೆದ್ರೆ?”

ವಿಶಾಲಾಕ್ಷಮ್ಮ ರೊಟ್ಟಿ ಮಗುಚಿದರು. “ಮಂಜಲ್ಲಿ ಅಪ್ಪಂದಿರ ದನಿ ಬೇರೆಯವ್ರಿಗೂ ಬರ್ತದೆ ಪುಟ್ಟಾ.”

ಮೂರನೆಯ ದಿನ ಸಂಜೆ ಐದರ ಹೊತ್ತಿಗೆ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟಿನ ಒಬ್ಬ ಗೃಹಸ್ಥ ಇಳಿದ. ಕೈಯಲ್ಲಿ ಸ್ವೀಟ್ ಡಬ್ಬಿ. ಮಗಳ ಶಾಲೆಯಲ್ಲಿ ಕಳಸದ ಟೆಂಟು ಎಂದಷ್ಟೇ ಗೊತ್ತಾಯಿತು, ಹೆಂಗಸರು ಮಕ್ಕಳು ಟೆಂಟು ಹಾಕುವ ಜಾಗ ಎಲ್ಲಿ, ತನ್ನ ಹೆಂಡತಿ ಮಗಳು ಅಲ್ಲಿದ್ದಾರೆ, ಮಗಳಿಗೆ ಇವತ್ತು ಆಶ್ಚರ್ಯ ಕೊಡಬೇಕು ಎಂದು ಎರಡು ಅಂಗಡಿಯಲ್ಲಿ ಕೇಳಿದ. ಅಂಗಡಿಯವರು ತಲೆ ಕೆರೆದುಕೊಂಡರು. ಅಷ್ಟರಲ್ಲಿ ಜೀಪಿನಿಂದ ಏಕಾಂತಪ್ಪ ಇಳಿದರು. ತಮ್ಮ ಸಮಿತಿಯ ವ್ಯಾಪ್ತಿಗೆ ಬರುವ ವಿಷಯವನ್ನು ಬೇರೆಯವರು ವಿಚಾರಿಸಿಕೊಳ್ಳುವುದೇ? ಗೃಹಸ್ಥ ಇವರನ್ನು ಎರಡು ಸಲ ‘ಸರ್’ ಎಂದ, ಬೋರ್ಡನ್ನು ಗಟ್ಟಿಯಾಗಿ ಓದಿದ. ಇಷ್ಟು ಸಂಭಾವಿತ ವ್ಯಕ್ತಿಯನ್ನು ಏಕಾಂತಪ್ಪ ಇತ್ತೀಚೆಗೆ ನೋಡಿರಲಿಲ್ಲ. ಒಡೆದ ಸಂಸಾರ ಜೋಡಿಸುವ ಪುಣ್ಯವನ್ನು ನೆನೆಯುತ್ತ ತಾವೇ ಜೀಪಿನಲ್ಲಿ ಕೂರಿಸಿಕೊಂಡು, ವಿಶಾಲಾಕ್ಷಮ್ಮನ ಗೇಟಿನವರೆಗೆ ತಂದು ಬಿಟ್ಟು, “ಗಂಡಸರು ಒಳಗೆ ಬರಬಾರದು ಅಂತ ಏನೋ ರೂಲ್ಸು ಮಾಡಿದ್ದಾರೆ, ನೀವು ಅದನ್ನೆಲ್ಲ ತಲೆಗೆ ಹಚ್ಕೋಬೇಡಿ. ಮನೆಯವರಲ್ವಾ ನೀವು!” ಎಂದು ಹೇಳಿ ಹೋದರು.

ಆಗ ಐದೂಮುಕ್ಕಾಲು ಗಂಟೆ. ಮಂಜು ಮೇಲಿನಿಂದ ಇಳಿಯುತ್ತಿರಲಿಲ್ಲ. ಅವತ್ತು ಭದ್ರಾ ಕಣಿವೆಯಿಂದ ಮೇಲಕ್ಕೆ ಏರಿ ಬರುತ್ತಿತ್ತು. ಮೊದಲು ಗೇಟು ಕರಗಿತು, ಆಮೇಲೆ ಸಿಲ್ವರ್ ಓಕಿನ ಕಾಂಡಗಳು, ಆಮೇಲೆ ಕಣದ ಅಂಚು. ಹಕ್ಕಿಗಳು ಬಾಯಿ ಮುಚ್ಚಿದವು. ಎಲೆಯಿಂದ ಎಲೆಗೆ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನಿಲ್ಲ. ಮಕ್ಕಳು ಗಿಡಗಳೊಳಗೆ ಅಡಗಿ ಆಡುತ್ತಿದ್ದರು. ವಿಶಾಲಾಕ್ಷಮ್ಮ ಕಣದ ತುದಿಯಲ್ಲಿ ನಿಂತು ಕೂ ಹಾಕಿದರು. ಒಂದೊಂದಾಗಿ ಉತ್ತರ ಬಂದು ಒಂದೊಂದು ಮಗು ಮಂಜಿನಿಂದ ಬಿಡಿಸಿಕೊಂಡು ಕಣಕ್ಕೆ ಹತ್ತಿತು. ಏಳು. ಎಂಟು.

ಒಂಬತ್ತನೆಯ ಕೂ ಬರಲಿಲ್ಲ. ಪಂಚಮಿ ಇರಲಿಲ್ಲ.

ಮತ್ತೊಮ್ಮೆ ಕೂಗಲು ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೆಳಗಿನಿಂದ, ಬಿಳಿಯ ಒಳಗಿನಿಂದ, ಸಕ್ಕರೆಯಂತಹ ಗಂಡುದನಿ ಕೇಳಿಸಿತು.

“ಪಂಚಮೀ... ಪಂಚಮಿ ಪುಟ್ಟಾ...”

ಸೌಂದರ್ಯಳ ಕೈಯಲ್ಲಿದ್ದ ತಟ್ಟೆ ಸಿಮೆಂಟಿನ ಮೇಲೆ ಬಿದ್ದು ಬಹಳ ಹೊತ್ತು ಸುತ್ತಿತು. ಅವಳು ಮಗಳ ಹೆಸರು ಕೂಗಲು ಬಾಯಿ ತೆರೆದಳು. ವಿಶಾಲಾಕ್ಷಮ್ಮ ಹಿಟ್ಟಿನ ಕೈಯಲ್ಲೇ ಆ ಬಾಯಿ ಮುಚ್ಚಿದರು.

“ನೀನು ಕರೆದ್ರೆ ಅವಳು ‘ಅಮ್ಮಾ’ ಅಂತಾಳೆ,” ಎಂದು ಕಿವಿಯಲ್ಲಿ ಹೇಳಿದರು. “ಅವನಿಗೆ ಜಾಗ ಗೊತ್ತಾಗ್ತದೆ. ಅವಳು ನಮಗಿಂತ ಅವನ ಹತ್ರ ಇದ್ದಾಳೆ.”

ರೂಪಶ್ರೀ ಎಂಟು ಮಕ್ಕಳನ್ನು ಸ್ಟೋರಿಗೆ ಹೊಗಿಸಿ, ದೊಡ್ಡವಳ ಕೈಗೆ ಫೋನು ಕೊಟ್ಟು ಪೊಲೀಸರಿಗೆ ಹೇಳಲು ತಿಳಿಸಿ, ಒಳಗಿಂದ ಚಿಲಕ ಹಾಕಿಸಿ ಬಂದಳು. ವಿಶಾಲಾಕ್ಷಮ್ಮ ಕೈಸನ್ನೆಯಲ್ಲೇ ಆರು ತಾಯಂದಿರನ್ನು ಕಣದ ಕೆಳಗಿನ ಸಾಲುಗಳಿಗೆ ಹಂಚಿದರು. ಗಿಡದಿಂದ ಗಿಡಕ್ಕೆ ಸರಿಯಬೇಕು; ಒಂದೇ ಕಡೆ ಎರಡು ಸಲ ಕೂಗಬಾರದು. ತಾವು ಚಪ್ಪಲಿ ಕಳಚಿ ಇಳಿದರು.

ಮೊದಲ ಕೂ ರೂಪಶ್ರೀಯದು. ಆಮೇಲೆ ಬಲದಿಂದ ಒಂದು, ತಗ್ಗಿನಿಂದ ಒಂದು. ನಾಲ್ಕು, ಐದು. ಕೊನೆಗೆ ಗಂಟಲು ಹರಿದುಕೊಂಡು ಬಂದಂತೆ ಸೌಂದರ್ಯಳದು. ಆ ಆರು ದನಿಗಳ ಎಡೆಯಲ್ಲಿ, ಹಳೆಯ ನೀರಿನ ತೊಟ್ಟಿಯ ಕಡೆಯಿಂದ, ಸೂಜಿಯಷ್ಟು ಸಣ್ಣ ಕೂ ಒಂದು ಬಂತು. ಬೇರೆ ಯಾರಿಗೂ ಅದು ಬೇರೆಯಾಗಿ ಕೇಳಿಸುವಂತಿರಲಿಲ್ಲ. ಎಂಬತ್ತಮೂರು ಗಂಟಲು ಎಣಿಸಿದ ಕಿವಿಗೆ ಕೇಳಿಸಿತು.

ಪಂಚಮಿ ತೊಟ್ಟಿಯ ಹಿಂದಿನ ಗಿಡದ ಬುಡದಲ್ಲಿ ಮಂಡಿಗೆ ಗಲ್ಲ ಒತ್ತಿ ಕೂತಿದ್ದಳು. ವಿಶಾಲಾಕ್ಷಮ್ಮ ಸದ್ದಿಲ್ಲದೆ ಪಕ್ಕದಲ್ಲಿ ಕೂತು, ಅವಳ ಬೆನ್ನಿಗೆ ಕೈಯಿಟ್ಟರು. ಮಗುವಿನ ಎದೆ ಬೆನ್ನಲ್ಲಿ ಬಡಿಯುತ್ತಿತ್ತು.

ಎರಡು ಗಿಡದ ಆಚೆ ಬಿಳಿ ಶರಟು ಹಾದುಹೋಯಿತು. ಮಂಜಿನಲ್ಲಿ ತಲೆ ಕಾಣದು, ಕಾಲು ಕಾಣದು. ಶರಟು, ಸ್ವೀಟ್ ಡಬ್ಬಿ, ದನಿ, ಇಷ್ಟೇ ತೇಲಿಹೋದಂತೆ. “ಪುಟ್ಟಾ, ಅಪ್ಪ ಬಂದಿದ್ದೀನಿ ನೋಡು. ನಿಂಗಿಷ್ಟ ಅಂತ ಮೈಸೂರ್ ಪಾಕ್ ತಂದಿದ್ದೀನಿ. ಎಲ್ಲಿದ್ದೀಯಮ್ಮಾ?” ಎಡಗಡೆಯಿಂದ ಕೂ ಎಂದಿತು. ಶರಟು ಅತ್ತ ತಿರುಗಿತು. ಹಿಂದಿನಿಂದ ಕೂ ಎಂದಿತು. “ಯಾರದು? ಏ, ಯಾರ್ರೀ ಅದು?” ಶರಟು ನಿಂತಿತು. ದನಿಯ ಸಕ್ಕರೆ ಅಲ್ಲಿಗೆ ಮುಗಿಯಿತು. “ಪಂಚಮೀ! ಬಾ ಅಂದ್ರೆ ಬರಬೇಕು! ಎಣಿಸ್ತೀನಿ ನೋಡು. ಒಂದು...”

ಪಂಚಮಿಯ ಕೈ ವಿಶಾಲಾಕ್ಷಮ್ಮನ ಸೆರಗನ್ನು ಹಿಂಡಿತು. ಆ ಕೋಣೆಯಲ್ಲಿ ನಾಲ್ಕು ದಿನ ಹೀಗೆಯೇ ಎಣಿಸಿದ್ದಿರಬೇಕು. ಆದರೂ ಮಗು ತುಟಿ ಬಿಚ್ಚಲಿಲ್ಲ.

“ಎರಡು...”

ಆರು ತಾಯಂದಿರು ಕೆಳಗಿನಿಂದಲೂ ಅಕ್ಕಪಕ್ಕದಿಂದಲೂ ಒಟ್ಟಿಗೇ ಕೂ ಎಂದರು. ವಿಶಾಲಾಕ್ಷಮ್ಮ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಗೀಟು ಎಳೆದರು. ಆರು. ಸರಿ. ತಮ್ಮದು ಇಲ್ಲ, ಮಗುವಿನದು ಇಲ್ಲ. ಆರು ಗೀಟು ಮುಗಿದ ಮೇಲೆ, ಮೇಲಿನಿಂದ, ಮಾಡು ಕುಸಿದ ಲೈನ್‌ಮನೆಗಳ ಕಡೆಯಿಂದ, ಯಾರನ್ನೂ ಕಳಿಸದ ಕಡೆಯಿಂದ, ಏಳನೆಯದು ಬಂತು. ನಿಧಾನವಾಗಿ ಎದ್ದು, ಉದ್ದಕ್ಕೆ ಹೋಗಿ, ಕೊನೆಯಲ್ಲಿ ಬಿರುಕು ಬಿಟ್ಟು ಎರಡಾಯಿತು.

ವಿಶಾಲಾಕ್ಷಮ್ಮನ ತೋಳಿನ ರೋಮ ನಿಂತವು. ಭಯದಿಂದಲ್ಲ, ಇಪ್ಪತ್ತೈದು ವರ್ಷದ ಮೇಲೆ ಪರಿಚಯದವರು ಹಿಂದಿನಿಂದ ಹೆಗಲು ಮುಟ್ಟಿದರೆ ಆಗುವ ಹಾಗೆ.

ಬಿಳಿ ಶರಟು ತಲೆಯೆತ್ತಿ ಅತ್ತ ನೋಡಿತು. ಮಂಜಿನಲ್ಲಿ ಅವನಿಗೆ ಏನು ಕಂಡಿತೋ, ಕಾಣಲಿಲ್ಲವೋ. ಮೂರು ಎಂದು ಎಣಿಸಲಿಲ್ಲ. ಡಬ್ಬಿ ಕೆಳಗೆ ಬಿತ್ತು. ಗಿಡಗಳನ್ನು ಮುರಿದುಕೊಂಡು ಓಡುವ ಸದ್ದು, ನೀರು ಇಂಗಲೆಂದು ತೋಡಿದ ಗುಂಡಿಯೊಳಗೆ ದೊಪ್ಪೆಂದು ಬಿದ್ದ ಸದ್ದು, ಎದ್ದು ಮತ್ತೆ ಓಡುವ ಸದ್ದು. ಆ ಬಿರುಕು ಕೂ ಅವನ ಹಿಂದೆಯೇ ಇಳಿಯುತ್ತ ಹೋಯಿತು. ಗೇಟಿನವರೆಗೆ ಹೋಗಿ ನಿಂತಿತು. ತಾಯಂದಿರಲ್ಲಿ ಯಾರೂ ಗೇಟಿನ ಕಡೆ ಹೋಗಿರಲಿಲ್ಲ.

ಕಳಸದಿಂದ ಬಂದ ಪೊಲೀಸರಿಗೆ ಚಂದ್ರಶೇಖರ ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಕೂತು ಸಿಕ್ಕಿದ. ಒಂದು ಕಾಲಲ್ಲಿ ಶೂ ಇರಲಿಲ್ಲ. ಎರಡೂ ಕಾಲಲ್ಲಿ ಲೆಕ್ಕವಿಲ್ಲದಷ್ಟು ಇಂಬಳ ಇದ್ದವು. ಅವನು ಅವನ್ನು ಕೀಳುತ್ತಲೂ ಇರಲಿಲ್ಲ. “ಒಳಗೆ ಐವತ್ತು ಹೆಂಗಸರಿದ್ದಾರೆ ಸರ್,” ಎಂದು ಪೇದೆಗೆ ಹೇಳಿದನಂತೆ. “ಒಬ್ಬಳು ನನ್ನ ಕಿವಿಯ ಹತ್ರ ಬಂದು ಕೂಗಿದ್ಲು. ಬಾಯಲ್ಲಿ ಎಲೆಅಡಿಕೆ ವಾಸನೆ.” ಕೋರ್ಟಿನ ಆದೇಶದ ಪ್ರತಿ ಸೌಂದರ್ಯಳ ಬ್ಯಾಗಿನಲ್ಲಿತ್ತು. ಅದನ್ನು ಓದಿಕೊಂಡು ಅವನನ್ನು ಜೀಪು ಹತ್ತಿಸಿದರು.

ಆ ರಾತ್ರಿಯೇ ಹೊರಟುಬಿಡೋಣವೇ ಎಂದು ರೂಪಶ್ರೀ ಸೌಂದರ್ಯಳನ್ನು ಕೇಳಿದಳು. ಸೌಂದರ್ಯ ಮಗಳನ್ನು ಅಪ್ಪಿಕೊಂಡು, ಗೇಟಿಗೆ ಬೆನ್ನು ಹಾಕಿ, ಟೆಂಟಿನಲ್ಲಿ ಮಲಗಿದವಳು ಎದ್ದದ್ದು ಬೆಳಿಗ್ಗೆ ಎಂಟೂವರೆಗೆ. ಅವಳು ಮಲಗಿರುವಷ್ಟು ಹೊತ್ತು ಯಾರೂ ಪಾತ್ರೆ ಸದ್ದು ಮಾಡಲಿಲ್ಲ.

ಪಂಚಮಿ ಮಾತ್ರ ಬೇಗ ಎದ್ದು ಒಲೆಯ ಮುಂದೆ ವಿಶಾಲಾಕ್ಷಮ್ಮನ ಪಕ್ಕಕ್ಕೆ ಬಂದು ಕೂತಳು.

“ಅಜ್ಜಿ, ಮೇಲಿಂದ ಕೂಗಿದ ಆಂಟಿ ಯಾರು? ಅವ್ರು ರಾತ್ರಿ ಊಟಕ್ಕೆ ಬರ್ಲೇ ಇಲ್ಲ.”

“ಅವಳು ಊಟ ಬಿಟ್ಟು ಬಹಳ ವರ್ಷ ಆಯ್ತು. ಎಲೆಅಡಿಕೆ ಒಂದಿದ್ರೆ ಸಾಕು ಅವಳಿಗೆ.”

“ಅವ್ರು ಒಳ್ಳೆಯವ್ರಾ?”

“ಬಾಯಿ ಸ್ವಲ್ಪ ಜೋರು.”

ಹತ್ತು ಗಂಟೆಗೆ ಏಕಾಂತಪ್ಪನವರ ಜೀಪು ಬಂತು. ಹೊಳೆಯುವ ಜಾಕೆಟ್ಟು, ಕೈಯಲ್ಲಿ ಒಂದು ಫೈಲು. ಗೇಟಿನಾಚೆ ನಿಲ್ಲಿ ಎಂದರೂ ಕೇಳದೆ ಅವರ ಒಂದು ಕಾಲು ಒಳಗೇ ಇತ್ತು. ವಿಶಾಲಾಕ್ಷಮ್ಮ ಕಾಫಿಯ ಲೋಟವನ್ನು ಗೇಟಿನ ಮೇಲಿಂದ ದಾಟಿಸಿದರು. ಮಲೆನಾಡಿನಲ್ಲಿ ಎಂಥ ಸಿಟ್ಟಿದ್ದರೂ ಕಾಫಿ ತಪ್ಪುವುದಿಲ್ಲ.

“ನೋಡಿ ವಿಶಾಲಾಕ್ಷಮ್ಮ, ನಿನ್ನೆ ಒಂದು ಸಣ್ಣ ಅಚಾತುರ್ಯ ಆಯ್ತು,” ಎಂದರು ಏಕಾಂತಪ್ಪ. “ನಾನೇ ಡ್ರಾಪ್ ಕೊಟ್ಟೆ, ಇಲ್ಲ ಅನ್ನೋದಿಲ್ಲ. ಎಷ್ಟು ಸಂಭಾವಿತ ಮನುಷ್ಯ! ಇಸ್ತ್ರಿ ಶರಟು, ಕೈಯಲ್ಲಿ ಸ್ವೀಟು. ಯಾರಿಗೆ ಗೊತ್ತಾಗ್ತದೆ ಹೇಳಿ? ಅದು ಹೋಗ್ಲಿ. ಸಮಿತಿ ಅದನ್ನ ಗಂಭೀರವಾಗಿ ಪರಿಗಣಿಸ್ತದೆ. ನಾನೀಗ ಬಂದಿದ್ದು ಅದಕ್ಕಿಂತ ದೊಡ್ಡ ವಿಷಯಕ್ಕೆ.”

“ಎಂತದು?”

ಏಕಾಂತಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಕಳಸದಲ್ಲಿ ಎಲ್ಲ ಮಾತಾಡ್ತಾ ಇದ್ದಾರೆ. ಲೈನ್‌ಮನೆ ಕಡೆಯಿಂದ ಕೂಗಿದ್ದು... ಅದು ಮನುಷ್ಯರದ್ದಲ್ಲ ಅಂತ. ಹೌದಾ?”

“ಹೌದು.”

ಇಷ್ಟು ಸುಲಭಕ್ಕೆ ಒಪ್ಪಿಕೊಳ್ಳುತ್ತಾರೆ ಎಂದು ಏಕಾಂತಪ್ಪ ಎಣಿಸಿರಲಿಲ್ಲ. ಗೇಟಿನೊಳಗಿದ್ದ ಕಾಲನ್ನು ಹೊರಗೆ ತೆಗೆದುಕೊಂಡರು. ಲೋಟ ಜೀಪಿನ ಬಾನೆಟ್ಟಿನ ಮೇಲಿಟ್ಟು ಫೈಲು ಬಿಚ್ಚಿದರು. ಒಳಗೆ ಒಂದು ಬೋರ್ಡಿನ ನಕ್ಷೆಯೇ ಇತ್ತು. ಕೆಂಪು ಅಕ್ಷರ, ಮೇಲೆ ‘ಎಚ್ಚರಿಕೆ’, ಕೆಳಗೆ ಏಕಾಂತಪ್ಪನವರ ಹೆಸರು, ಫೋನ್ ನಂಬರು. ಕಣದ ತುದಿಗೆ ಬಂದು ನಿಂತಿದ್ದ ಸೌಂದರ್ಯ, ಅವಳ ಕೈ ಹಿಡಿದ ಪಂಚಮಿ, ಎಲ್ಲರಿಗೂ ಕೇಳುವಂತೆ ಅವರು ಅಧ್ಯಕ್ಷರ ದನಿಯಲ್ಲಿ ಕೇಳಿದರು:

“ಸಣ್ಣ ಸಣ್ಣ ಮಕ್ಕಳನ್ನ ಕಟ್ಕೊಂಡು ಒಂಟಿ ಹೆಂಗಸರು ಬರೋ ಜಾಗ ಇದು. ಇಲ್ಲಿ ದೆವ್ವ ಇದೆ ಅಂದ್ಮೇಲೆ, ಅವರ ಸುರಕ್ಷತೆ ದೃಷ್ಟಿಯಿಂದ ಗೇಟಿಗೆ ಒಂದು ಎಚ್ಚರಿಕೆ ಬೋರ್ಡ್ ಹಾಕ್ಬೇಕೋ ಬೇಡ್ವೋ, ನೀವೇ ಹೇಳಿ?”

ವಿಶಾಲಾಕ್ಷಮ್ಮ ಬಾನೆಟ್ಟಿನ ಮೇಲಿನ ಲೋಟವನ್ನು ತೆಗೆದುಕೊಂಡು, ಉಳಿದಿದ್ದ ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿದರು.

“ಅವನಿಗೆ ದಾರಿ ತೋರಿಸಿದ್ದು ದೆವ್ವ ಅಲ್ಲ ಏಕಾಂತಪ್ಪನವ್ರೆ. ನೀವು.”